ಹತ್ತು ಮತದ ಮೇಯರ್

ಹತ್ತು ಮತವೆಂದರೆ ಒಂದು ವಠಾರದ ಮೂರು ಮನೆಯವರು. ಒಂದು ಮನೆಯವರು ಜ್ವರ ಬಂದು ಮಲಗಿದ್ದರೆ, ಇನ್ನೊಂದು ಮನೆಯವರು ನೆಂಟರ ಊರಿಗೆ ಹೋಗಿದ್ದರೆ, ಮೂರನೆಯ ಮನೆಯವರು ಚಳಿಗೆ ಹೆದರಿ ಬಾಗಿಲು ಹಾಕಿಕೊಂಡಿದ್ದರೆ ಅಳಿಸಿಹೋಗುವಷ್ಟು ಸಣ್ಣ ಅಂತರ. 1981ರ ಮಾರ್ಚ್ 3ರಂದು ಅಮೆರಿಕದ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್‌ನಲ್ಲಿ ಮೇಯರ್ ಚುನಾವಣೆ ನಡೆಯಿತು. ಮರುಎಣಿಕೆ ಮುಗಿದಾಗ ಉಳಿದದ್ದು ಅಷ್ಟೇ ಅಂತರ. ಗೆದ್ದವರಿಗೆ 4,330, ಸೋತವರಿಗೆ 4,320. ಸೋತವರು ಹತ್ತು ವರ್ಷದಿಂದ ಆ ಕುರ್ಚಿಯಲ್ಲಿದ್ದ ಡೆಮಾಕ್ರಟಿಕ್ ಪಕ್ಷದ ಗಾರ್ಡನ್ ಪ್ಯಾಕೆಟ್. ಗೆದ್ದವರು 39 ವರ್ಷದ ಪಕ್ಷೇತರ, ಅದಕ್ಕೂ ಮೊದಲು ನಿಂತ ನಾಲ್ಕು ಚುನಾವಣೆಗಳಲ್ಲೂ ಸೋತಿದ್ದ ಬರ್ನಿ ಸ್ಯಾಂಡರ್ಸ್.

ಸ್ಯಾಂಡರ್ಸ್ ಎಂದರೆ ಈಗ ಜಗತ್ತಿಗೆ ನೆನಪಾಗುವುದು 2016 ಮತ್ತು 2020ರ ಅಧ್ಯಕ್ಷೀಯ ಸ್ಪರ್ಧೆಗಳು, ದೊಡ್ಡ ಮೈದಾನಗಳು, ಬಿಳಿ ಕೂದಲು, ಬೆರಳೆತ್ತಿ ಮಾತಾಡುವ ರೀತಿ. ನನ್ನ ಆಸಕ್ತಿ ಅದಕ್ಕಿಂತ ಬಹಳ ಹಿಂದಿನ ಒಂಬತ್ತು ವರ್ಷಗಳ ಮೇಲೆ. ಸಮಾಜವಾದಿ ಎಂದು ಬಾಯಿಬಿಟ್ಟು ಹೇಳಿಕೊಳ್ಳುವವರೊಬ್ಬರು, ಆ ಪದ ಕೇಳಿದರೆ ಬೆಚ್ಚುವ ದೇಶದಲ್ಲಿ, ರೊನಾಲ್ಡ್ ರೇಗನ್ ಅಧ್ಯಕ್ಷರಾದ ವರ್ಷವೇ ಒಂದು ಊರಿನ ಮೇಯರ್ ಆಗಿ, ಅಲ್ಲಿಂದ ದೇಶದ ಪ್ರತಿನಿಧಿ ಸಭೆಗೆ ಹೋದರು. ಹೋಗಲು ಸಾಧ್ಯವಾದದ್ದು ಭಾಷಣದಿಂದಲ್ಲ, ಹಿಮ ಬಾಚಿಸಿ, ವಿಮೆಗೆ ಟೆಂಡರ್ ಕರೆದು, ಮನೆಕಂದಾಯದ ಲೆಕ್ಕ ಬಿಡಿಸಿದ್ದರಿಂದ ಎಂದು ನಾನು ನಂಬುತ್ತೇನೆ.

ಅವರು ಹುಟ್ಟಿದ್ದು 1941ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಅಪ್ಪ ಪೋಲೆಂಡಿನಿಂದ ವಲಸೆ ಬಂದ ಯಹೂದಿ, ಪೇಂಟ್ ಮಾರುವ ಕೆಲಸ. ಸಣ್ಣ ಬಾಡಿಗೆ ಮನೆ, ದುಡ್ಡಿನ ವಿಷಯಕ್ಕೆ ಅಪ್ಪ ಅಮ್ಮನ ಜಗಳ. ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಓದುವಾಗ, ಕಪ್ಪು ಜನರಿಗೆ ಮನೆ ಕೊಡದ ವಸತಿ ನೀತಿಯ ವಿರುದ್ಧ 1962ರಲ್ಲಿ ಧರಣಿ ಕೂತವರಲ್ಲಿ ಅವರೂ ಒಬ್ಬರು. 1968ರಲ್ಲಿ ವರ್ಮಾಂಟ್ ಸೇರಿದ ಮೇಲೆ ಬಡಗಿ ಕೆಲಸ, ಪತ್ರಿಕೆಗಳಿಗೆ ಬಿಡಿ ಬರಹ, ಶಾಲೆಗಳಿಗೆ ಇತಿಹಾಸದ ಚಿತ್ರಸುರುಳಿ ಮಾಡಿ ಮಾರುವುದು, ಹೀಗೆ ಹೊಟ್ಟೆಪಾಡು. ಲಿಬರ್ಟಿ ಯೂನಿಯನ್ ಎಂಬ ಪುಟ್ಟ ಪಕ್ಷದಿಂದ 1972ರ ಆರಂಭದಲ್ಲಿ ಸೆನೆಟ್ ಉಪಚುನಾವಣೆಗೆ ನಿಂತಾಗ ಸಿಕ್ಕಿದ್ದು ನೂರಕ್ಕೆ ಎರಡು ಮತ. ಅದೇ ವರ್ಷ ಗವರ್ನರ್ ಸ್ಥಾನಕ್ಕೆ ನಿಂತಾಗ ಒಂದು. 1974ರಲ್ಲಿ ನಾಲ್ಕು, 1976ರಲ್ಲಿ ಆರು. ನಮ್ಮಲ್ಲಾಗಿದ್ದರೆ ನಾಲ್ಕು ಸಲವೂ ಠೇವಣಿ ಹೋಗುತ್ತಿತ್ತು. 1977ರಲ್ಲಿ ಆ ಪಕ್ಷವನ್ನೂ ಬಿಟ್ಟರು.

ಮೇಯರ್ ಸ್ಥಾನಕ್ಕೆ ನಿಲ್ಲುವಂತೆ ಒತ್ತಾಯಿಸಿದವರು ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ಧರ್ಮದ ಅಧ್ಯಯನ ಕಲಿಸುತ್ತಿದ್ದ ಗೆಳೆಯ ರಿಚರ್ಡ್ ಶುಗರ್‌ಮನ್. ಅವರು ಹಳೆಯ ಚುನಾವಣೆಗಳ ಅಂಕಿಗಳನ್ನು ವಾರ್ಡ್‌ವಾರು ಮುಂದಿಟ್ಟು ತೋರಿಸಿದರು. 1976ರಲ್ಲಿ ರಾಜ್ಯದಾದ್ಯಂತ ನೂರಕ್ಕೆ ಆರು ಮತ ಬಿದ್ದಿದ್ದರೆ ಬರ್ಲಿಂಗ್ಟನ್‌ನಲ್ಲಿ ಅದರ ದುಪ್ಪಟ್ಟು ಬಿದ್ದಿತ್ತು. ಅದರಲ್ಲೂ ದುಡಿದು ತಿನ್ನುವವರ ವಾರ್ಡ್‌ಗಳಲ್ಲಿ ಚೆನ್ನಾಗಿ ಬಿದ್ದಿತ್ತು. ಸೋಲಿನ ಪಟ್ಟಿಯೊಳಗೇ ಒಂದು ದಾರಿ ಇತ್ತು, ಯಾರಾದರೂ ಕೂತು ಓದಬೇಕಿತ್ತು. ಇಡೀ ಕಥೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಗಳಿಗೆ ಇದು.

ಬರ್ಲಿಂಗ್ಟನ್ ಆಗ 38 ಸಾವಿರ ಜನರ ಊರು. ವರ್ಮಾಂಟಿಗೆ ಅದೇ ದೊಡ್ಡ ನಗರ. ಒಂದು ಪಕ್ಕ ಷಾಂಪ್ಲೇನ್ ಸರೋವರ, ಗುಡ್ಡದ ಮೇಲೆ ವಿಶ್ವವಿದ್ಯಾಲಯ, ಕೆಳಗೆ ಓಲ್ಡ್ ನಾರ್ತ್ ಎಂಡ್ ಎಂಬ ಬಡವರ ಬಡಾವಣೆ. ಪ್ಯಾಕೆಟ್ ಎಷ್ಟು ಭದ್ರವಾಗಿ ಕೂತಿದ್ದರೆಂದರೆ ರಿಪಬ್ಲಿಕನ್ ಪಕ್ಷ ಆ ಸಲ ಅವರ ಎದುರು ಹುರಿಯಾಳನ್ನೇ ಹಾಕಿರಲಿಲ್ಲ. ಆ ಭರವಸೆಯಲ್ಲಿ ಅವರು ಮನೆಕಂದಾಯ ಏರಿಸುವ ಪ್ರಸ್ತಾವ ಮುಂದಿಟ್ಟರು. ಸ್ಯಾಂಡರ್ಸ್ ಅದನ್ನು ಹಿಡಿದುಕೊಂಡರು. ಕಂದಾಯ ಕೊಡುವವರಲ್ಲಿ ಪಿಂಚಣಿಯಲ್ಲಿ ಬದುಕುವ ಮುದುಕರಿದ್ದಾರೆ, ಬಾಡಿಗೆ ಏರಿದರೆ ಬಡಾವಣೆ ಬಿಡಬೇಕಾದವರಿದ್ದಾರೆ ಎಂದು ಮನೆಮನೆ ಬಾಗಿಲು ತಟ್ಟಿ ಹೇಳಿದರು. ಸರ್ಕಾರಿ ವಸತಿಗಳ ಮೆಟ್ಟಿಲು ಹತ್ತಿದರು. ಸರೋವರದ ದಂಡೆಯಲ್ಲಿ ಶ್ರೀಮಂತರಿಗಾಗಿ ಬಹುಮಹಡಿ ಕಟ್ಟುವ ಯೋಜನೆಯೊಂದಿತ್ತು. ಅದಕ್ಕೆ ಅವರ ಉತ್ತರ 'ಬರ್ಲಿಂಗ್ಟನ್ ಮಾರಾಟಕ್ಕಿಲ್ಲ' ಎಂಬ ಘೋಷಣೆ. ಯಾರೂ ಎಣಿಸದಿದ್ದ ಒಂದು ಬೆಂಬಲವೂ ಕಡೆಯ ಹೊತ್ತಿಗೆ ಬಂತು. ಸಂಬಳದ ವಿಷಯದಲ್ಲಿ ಪ್ಯಾಕೆಟ್ ಮೇಲೆ ಬೇಸರಗೊಂಡಿದ್ದ ಪೊಲೀಸರ ಸಂಘ ಸಮಾಜವಾದಿಯ ಪರ ನಿಂತಿತು.

ಡೆಮಾಕ್ರಟರಲ್ಲೇ ಬೇರೆಯಾಗಿ ನಿಂತ ಇನ್ನೊಬ್ಬರು ಸಾವಿರಕ್ಕೂ ಹೆಚ್ಚು ಮತ ಒಡೆದರು. ಹೀಗೆ ಕೂಡಿ ಬಂದದ್ದು ಹತ್ತು ಮತದ ಗೆಲುವು. ವರ್ಷಕ್ಕೆ 33,800 ಡಾಲರಿನ ಸಂಬಳ, ಅದುವರೆಗಿನ ಅವರ ಬದುಕಿನಲ್ಲೇ ದೊಡ್ಡ ಸಂಪಾದನೆ.

ಗೆದ್ದದ್ದಷ್ಟೇ, ಅಧಿಕಾರ ಕೈಗೆ ಬಂದಿರಲಿಲ್ಲ. ನಗರಸಭೆಯಲ್ಲಿ 13 ಸದಸ್ಯರು. ಅವರಲ್ಲಿ ಮೇಯರ್ ಕಡೆಯವರು ಇಬ್ಬರೇ, ತರುಣ ಟೆರಿ ಬೂರಿಷಿಯಸ್ ಮತ್ತು ವಯಸ್ಸಾದ ಸೇಡೀ ವೈಟ್. ಉಳಿದ ಹನ್ನೊಂದು ಜನ, ಡೆಮಾಕ್ರಟರೂ ರಿಪಬ್ಲಿಕನ್ನರೂ ಸೇರಿ, ಎರಡು ವರ್ಷ ಕಾದರೆ ಈತ ತಾನೇ ಹೋಗುತ್ತಾನೆ ಎಂದುಕೊಂಡರು. ಮೇಯರ್ ಸೂಚಿಸಿದ ಅಧಿಕಾರಿಗಳ ನೇಮಕವನ್ನು ಒಂದೊಂದಾಗಿ ತಿರಸ್ಕರಿಸಿದರು, ಅವರ ಕಾರ್ಯದರ್ಶಿಯನ್ನೂ ಬಿಡಲಿಲ್ಲ. ಮೊದಲ ವರ್ಷವಿಡೀ ಸ್ಯಾಂಡರ್ಸ್ ಸೋತ ಮೇಯರ್ ನೇಮಿಸಿದ್ದ ಅಧಿಕಾರಿಗಳನ್ನೇ ಇಟ್ಟುಕೊಂಡು ಊರು ನಡೆಸಬೇಕಾಯಿತು.

ಅವರು ಮಾಡಿದ್ದು ಎರಡು ಕೆಲಸ. ಸಂಬಳ ಕೇಳದ ಜನರನ್ನು ಸೇರಿಸಿಕೊಂಡು ಯುವಕರಿಗೆ, ಕಲೆಗೆ, ಹೆಂಗಸರಿಗೆ, ಹಿರಿಯರಿಗೆ ಎಂದು ಮಂಡಳಿಗಳನ್ನು ಕಟ್ಟಿದರು. ದೀರ್ಘ ಚಳಿಗಾಲದ ಊರಿನಲ್ಲಿ ಮುದುಕರ ಬಾಗಿಲ ಮುಂದಿನ ಹಿಮ ಬಾಚುವ ಕೆಲಸಕ್ಕೂ ಹುಡುಗರು ಬಂದರು. ಬರ್ಲಿಂಗ್ಟನ್‌ನಲ್ಲಿ ವರ್ಷಕ್ಕೆ ಸರಾಸರಿ 80 ಅಂಗುಲದಷ್ಟು ಹಿಮ ಬೀಳುತ್ತದೆ. ಅಲ್ಲಿ ಮೇಯರ್‌ನ ಯೋಗ್ಯತೆಯನ್ನು ಜನ ಅಳೆಯುವುದು ಬೆಳಗ್ಗೆ ಎದ್ದು ಬೀದಿ ನೋಡಿ. ಇನ್ನೊಂದು ಕೆಲಸ, ಎದುರಾಳಿಗಳ ವಾರ್ಡ್‌ಗಳಿಗೇ ಹೋಗಿ ಜನರಿಗೆ ನಗರಸಭೆಯಲ್ಲಿ ಏನು ನಡೆಯುತ್ತಿದೆಯೆಂದು ತಿಳಿಸಿದ್ದು. 1982ರ ಸದಸ್ಯರ ಚುನಾವಣೆ ಬಂದಾಗ ಮೇಯರ್ ಕಡೆಯವರು ಐದಾದರು. ಬಹುಮತವಲ್ಲ, ಆದರೆ ಮೇಯರ್ ಹಾಕಿದ ವೀಟೋ ಉಳಿಯಲು ಅಷ್ಟು ಸಾಕು. ಅಲ್ಲಿಂದ ಎದುರಾಳಿಗಳು ಮಾತಿಗೆ ಕೂತರು.

ಮತದಾನದ ಅಂಕಿಗಳನ್ನು ನೋಡಿದರೆ ಒಳಗಿನ ಬದಲಾವಣೆ ಕಾಣುತ್ತದೆ. 1979ರ ಮೇಯರ್ ಚುನಾವಣೆಯಲ್ಲಿ ಮತ ಹಾಕಿದವರು ಸುಮಾರು 7,000. 1983ರಲ್ಲಿ ಅದು 13,000 ದಾಟಿತು. ಸ್ಯಾಂಡರ್ಸ್ ಎರಡೂ ಪಕ್ಷಗಳ ಹುರಿಯಾಳುಗಳ ಎದುರು ನೂರಕ್ಕೆ 52 ಮತ ಪಡೆದು ಮರಳಿದರು. 1985 ಮತ್ತು 1987ರಲ್ಲೂ ಗೆದ್ದರು. ಇಲ್ಲಿ ಹತ್ತು ಮತದ ಮಾತೇ ಇರಲಿಲ್ಲ.

ಲೆಕ್ಕದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹೊಸ ಖಜಾಂಚಿ ಜೊನಾಥನ್ ಲಿಯೊಪೋಲ್ಡ್ ನಗರಸಭೆಯ ಪುಸ್ತಕಗಳನ್ನು ತೆರೆದಾಗ, ಯಾರ ಗಮನಕ್ಕೂ ಬಾರದೆ ಬಿದ್ದಿದ್ದ 19 ಲಕ್ಷ ಡಾಲರಿನಷ್ಟು ಮಿಗತೆ ಸಿಕ್ಕಿತು. ವರ್ಷಗಳಿಂದ ಊರಿನ ಏಜೆಂಟರಿಗೆ ಹಂಚಿಹೋಗುತ್ತಿದ್ದ ನಗರದ ವಿಮೆಗೆ ಪೈಪೋಟಿಯ ಟೆಂಡರ್ ಕರೆದರು, ಹಣ ಉಳಿಯಿತು. ರಸ್ತೆ ಅಗೆದು ಹೋಗುವ ಕಂಪನಿಗಳು ಅಗೆತಕ್ಕೆ ಶುಲ್ಕ ತೆರಬೇಕಾಯಿತು. ಹೋಟೆಲ್ ಊಟಕ್ಕೂ ಕೋಣೆಗೂ ಸಣ್ಣ ತೆರಿಗೆ ಬಂತು. ದೊಡ್ಡ ಆಸ್ಪತ್ರೆಗೂ ಕಂದಾಯ ಹಾಕಹೊರಟು ನ್ಯಾಯಾಲಯದಲ್ಲಿ ಸೋತರು. ಉದ್ದೇಶ ಒಂದೇ, ಊರು ನಡೆಸುವ ಭಾರ ಬರಿಯ ಮನೆಕಂದಾಯದ ಮೇಲೆ ಬೀಳಬಾರದು. ರಿಪಬ್ಲಿಕನ್ ಅಂಗಡಿಕಾರರಿಗೂ ಇದು ಹಿಡಿಸಿತು. ಈತ ಸಮಾಜವಾದಿಯೋ ಏನೋ, ದುಡ್ಡು ಮಾತ್ರ ಪೋಲು ಮಾಡುವವನಲ್ಲ ಎಂಬ ಹೆಸರು ಊರಲ್ಲಿ ಹುಟ್ಟಿತು. ಮುಂದೆ ರಾಜ್ಯದ ಮತ ಕೇಳಲು ಹೋದಾಗ ಕೈಯಲ್ಲಿದ್ದ ಬಂಡವಾಳ ಈ ಹೆಸರೇ.

ಮನೆಯ ವಿಷಯದಲ್ಲಿ ಮಾಡಿದ ಕೆಲಸ ಇದಕ್ಕಿಂತ ಆಳದ್ದು, ಮತ್ತು ನಮಗೆ ಹತ್ತಿರದ್ದು. 1984ರಲ್ಲಿ ನಗರಸಭೆ ಎರಡು ಲಕ್ಷ ಡಾಲರ್ ಮೂಲಧನ ಕೊಟ್ಟು ಸಮುದಾಯ ಭೂ ಟ್ರಸ್ಟ್ ಒಂದನ್ನು ಹುಟ್ಟುಹಾಕಿತು. ಅದರ ವ್ಯವಸ್ಥೆ ಸರಳ. ನೆಲ ಟ್ರಸ್ಟಿನದು, ಅದರ ಮೇಲಿನ ಮನೆ ಕುಟುಂಬದ್ದು. ನೆಲದ ಬೆಲೆ ಸೇರದ್ದರಿಂದ ಬಡವರೂ ಮನೆ ಕೊಳ್ಳಬಹುದು. ಬಿಟ್ಟು ಹೋಗುವಾಗ ಅವರು ಕಟ್ಟಿದ ಹಣ ಮರಳುತ್ತದೆ, ಏರಿದ ಬೆಲೆಯಲ್ಲಿ ಕಾಲು ಭಾಗವೂ ಸಿಗುತ್ತದೆ. ಉಳಿದ ಮುಕ್ಕಾಲು ಮನೆಯಲ್ಲೇ ನಿಂತು, ಮುಂದೆ ಬರುವ ಕುಟುಂಬಕ್ಕೂ ಅದು ಕೈಗೆಟಕುವ ಬೆಲೆಗೆ ಸಿಗುತ್ತದೆ. ಓಲ್ಡ್ ನಾರ್ತ್ ಎಂಡ್‌ನ ಕೆಲವು ಮನೆಯವರೇ ಇದನ್ನು ವಿರೋಧಿಸಿ ಗುಂಪು ಕಟ್ಟಿದರು, ತಮ್ಮ ಆಸ್ತಿಯ ಬೆಲೆ ಇಳಿದೀತೆಂಬ ಭಯ ಅವರದು. ಆದರೂ ಟ್ರಸ್ಟ್ ಗಟ್ಟಿಯಾಗಿ ಉಳಿಯಿತು. 2006ರಲ್ಲಿ ಇನ್ನೊಂದು ವಸತಿ ಸಂಸ್ಥೆಯೊಂದಿಗೆ ಸೇರಿ ಷಾಂಪ್ಲೇನ್ ಹೌಸಿಂಗ್ ಟ್ರಸ್ಟ್ ಆಯಿತು, 2008ರಲ್ಲಿ ವಿಶ್ವ ಆವಾಸ ಪ್ರಶಸ್ತಿ ಪಡೆಯಿತು.

ಹತ್ತಿರದ್ದು ಎಂದೆನಲ್ಲ, ಅದಕ್ಕೆ ಕಾರಣ ವಿನೋಬಾ ಭಾವೆ. ಅವರ ಚಳವಳಿಯಲ್ಲಿ ಗ್ರಾಮದಾನವಾದ ಹಳ್ಳಿಯಲ್ಲಿ ಭೂಮಿಯ ಒಡೆತನ ಊರಿನದು, ಉಳುಮೆ ಕುಟುಂಬದ್ದು, ಹೊರಗಿನವರಿಗೆ ಮಾರುವಂತಿಲ್ಲ. 1957ರ ಸೆಪ್ಟೆಂಬರಿನಲ್ಲಿ ಮೈಸೂರಿನ ಪಕ್ಕದ ಇಲವಾಲದಲ್ಲಿ ಈ ವಿಚಾರಕ್ಕಾಗಿಯೇ ಸರ್ವಪಕ್ಷಗಳ ಪರಿಷತ್ತು ಸೇರಿತ್ತು, ನೆಹರೂ ಕೂಡ ಬಂದಿದ್ದರು. ಭಾರತದಲ್ಲಿ ಸುತ್ತಾಡಿದ್ದ ಅಮೆರಿಕದ ಚಿಂತಕ ರಾಲ್ಫ್ ಬೊರ್ಸೋಡಿ, ಅವರ ಜೊತೆಗಾರ ಬಾಬ್ ಸ್ವಾನ್ ಈ ಚಿಂತನೆಯಿಂದ ಪ್ರಭಾವಿತರಾದರು. 1969ರಲ್ಲಿ ಜಾರ್ಜಿಯಾ ರಾಜ್ಯದ ಕಪ್ಪು ಜನರ ನಾಗರಿಕ ಹಕ್ಕುಗಳ ನಾಯಕರೂ ಸ್ವಾನ್ ಅವರೂ ಸೇರಿ ಅಮೆರಿಕದ ಮೊದಲ ಸಮುದಾಯ ಭೂ ಟ್ರಸ್ಟ್ ಕಟ್ಟಿದರು, ಸುಮಾರು 5,700 ಎಕರೆ. ಅದು ಸಾಲದಲ್ಲಿ ಮುಳುಗಿತು. ಆದರೆ ಸ್ವಾನ್ ಸ್ಥಾಪಿಸಿದ್ದ ಸಂಸ್ಥೆಯ ಜನರೇ ಮುಂದೆ ಬರ್ಲಿಂಗ್ಟನ್‌ಗೆ ಬಂದು ದಾರಿ ತೋರಿಸಿದರು. ಇಲವಾಲದ ಮಾತುಗಳು ನಮ್ಮಲ್ಲಿ ಬಹುಪಾಲು ಮರೆತುಹೋದವು. ಅದೇ ವಿಚಾರದ ಒಂದು ಎಳೆ ಹಿಮದ ಊರಿನಲ್ಲಿ ಬೇರು ಬಿಟ್ಟು ಇಂದಿಗೂ ಬಡವರಿಗೆ ಸೂರಾಗಿದೆ. ಇದನ್ನು ನೆನೆದಾಗ ನನಗೆ ಸಂತೋಷವೂ ಸಂಕಟವೂ ಒಟ್ಟಿಗೇ ಆಗುತ್ತದೆ.

ಸರೋವರದ ದಂಡೆಯ ಕಥೆ ಬೇರೆ. ಅಲ್ಲಿ ಸ್ಯಾಂಡರ್ಸ್ ಎಡವಿದರು. ದಂಡೆಯೆಂದರೆ ಆಗ ರೈಲ್ವೆ ಕಂಪನಿಯ ಒಡೆತನದ ನೆಲ, ತೈಲದ ತೊಟ್ಟಿಗಳು, ಕಳೆ. 1981ರಲ್ಲಿ ಶ್ರೀಮಂತರ ಕಟ್ಟಡ ಬೇಡವೆಂದು ಗೆದ್ದವರು, 1985ರ ಹೊತ್ತಿಗೆ ಆಲ್ಡನ್ ಎಂಬ ಕಂಪನಿಯ ಯೋಜನೆಗೆ ಒಪ್ಪಿದರು. ಹೋಟೆಲ್, ದುಬಾರಿ ವಸತಿ, ಅಂಗಡಿಗಳು ಬರುತ್ತವೆ. ಬದಲಿಗೆ ಸಾರ್ವಜನಿಕ ದಾರಿ, ದೋಣಿಮನೆ, ಉದ್ಯಾನ ಸಿಗುತ್ತವೆ. ಏನೂ ಇಲ್ಲದಲ್ಲಿ ಅಷ್ಟಾದರೂ ಸಿಗಲಿ ಎಂಬುದು ಅವರ ಲೆಕ್ಕ. ಅವರ ಜೊತೆಗಿದ್ದ ಎಡಪಂಥೀಯರು, ಪರಿಸರದವರು ಎದುರು ನಿಂತರು. ಆ ಡಿಸೆಂಬರಿನಲ್ಲಿ ಈ ಯೋಜನೆಗೆ ಬೇಕಾದ ಸಾಲಪತ್ರಕ್ಕೆ ಜನರ ಒಪ್ಪಿಗೆ ಕೇಳಿದಾಗ ಅರ್ಧಕ್ಕಿಂತ ಹೆಚ್ಚು ಮತ ಪರವಾಗಿ ಬಿದ್ದರೂ, ಬೇಕಾಗಿದ್ದ ಮೂರನೇ ಎರಡು ಭಾಗ ಸಿಗಲಿಲ್ಲ. ಯೋಜನೆ ಬಿತ್ತು.

ಬಿದ್ದದ್ದು ಊರಿನ ಪುಣ್ಯ. ಸ್ಯಾಂಡರ್ಸ್ ಕೂಡ ಹಟ ಹಿಡಿಯಲಿಲ್ಲ. ನಗರ ಮತ್ತು ರಾಜ್ಯ ಸೇರಿ ನ್ಯಾಯಾಲಯದಲ್ಲಿ ಒಂದು ಹಳೆಯ ತತ್ವವನ್ನು ಎತ್ತಿ ಹಿಡಿದವು: ಸರೋವರವನ್ನು ತುಂಬಿಸಿ ಮಾಡಿದ ನೆಲವನ್ನು ಯಾರಿಗೆ ಕೊಟ್ಟಿದ್ದರೂ ಅದು ಸಾರ್ವಜನಿಕ ಉಪಯೋಗಕ್ಕೇ ಇರತಕ್ಕದ್ದು. 1989ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿತು. ಇಂದು ಅಲ್ಲಿ ಹುಲ್ಲುಹಾಸು, ಸೈಕಲ್ ದಾರಿ, ಕೂತು ಸೂರ್ಯಾಸ್ತ ನೋಡುವ ಬೆಂಚುಗಳಿವೆ. ಅದರ ಕೀರ್ತಿಯನ್ನು ಮೇಯರ್‌ಗೆ ಕೊಟ್ಟು ಬರೆಯುವವರಿದ್ದಾರೆ. ನನ್ನ ಮಟ್ಟಿಗೆ ಮೊದಲ ಕೀರ್ತಿ ಅವರಿಗೆ ಬೇಡವೆಂದು ಮತ ಹಾಕಿದ ಜನರದು; ಆ ಬೇಡವನ್ನು ಕೇಳಿಸಿಕೊಂಡು ದಾರಿ ಬದಲಿಸಿದ್ದು ಮೇಯರ್‌ನದು.

ಇಷ್ಟರ ನಡುವೆ ನಿಕರಾಗುವಾಕ್ಕೆ ಹೋಗಿಬಂದರು, ಸೋವಿಯತ್ ಒಕ್ಕೂಟದ ಯಾರೊಸ್ಲಾವ್ಲ್ ನಗರದೊಂದಿಗೆ ಸೋದರ ನಗರದ ಸಂಬಂಧ ಕಟ್ಟಿದರು. ರಸ್ತೆ ಗುಂಡಿ ನೋಡುವುದು ಬಿಟ್ಟು ವಿದೇಶಾಂಗ ನೀತಿ ಏಕೆಂದು ಟೀಕೆ ಬಂತು. ಗುಂಡಿಯನ್ನೂ ಮುಚ್ಚಿಸುತ್ತಿದ್ದರಿಂದ ಆ ಟೀಕೆ ಹೆಚ್ಚು ನಾಟಲಿಲ್ಲ.

ಊರು ಗೆದ್ದವರಿಗೆ ರಾಜ್ಯ ತಾನಾಗಿ ಒಲಿಯುವುದಿಲ್ಲ. 1986ರಲ್ಲಿ ಗವರ್ನರ್ ಮೆಡಲೀನ್ ಕ್ಯೂನಿನ್ ಎದುರು ನಿಂತಾಗ ಸಿಕ್ಕಿದ್ದು ನೂರಕ್ಕೆ 14 ಮತ. ಎರಡು ವರ್ಷದ ಬಳಿಕ ಬಾಗಿಲೊಂದು ತೆರೆಯಿತು. ವರ್ಮಾಂಟಿಗೆ ಪ್ರತಿನಿಧಿ ಸಭೆಯಲ್ಲಿ ಇರುವುದು ಒಂದೇ ಸ್ಥಾನ, ಇಡೀ ರಾಜ್ಯವೇ ಕ್ಷೇತ್ರ. ಜನ ಕಡಿಮೆ, ಆಗ ಸುಮಾರು 5.6 ಲಕ್ಷ, ನಮ್ಮ ಎರಡು ವಿಧಾನಸಭಾ ಕ್ಷೇತ್ರಗಳಷ್ಟು. ಆದರೆ ಬೆಟ್ಟ ಕಾಡುಗಳ ನಡುವೆ ಚದುರಿದ ಸಣ್ಣ ಸಣ್ಣ ಊರುಗಳು, ಹೈನುಗಾರಿಕೆಯ ಹಳ್ಳಿಗಳು. ಆ ಸ್ಥಾನದಲ್ಲಿದ್ದ ರಿಪಬ್ಲಿಕನ್ ಜಿಮ್ ಜೆಫರ್ಡ್ಸ್ 1988ರಲ್ಲಿ ಸೆನೆಟ್ ಕಡೆ ಹೊರಟಾಗ ಸ್ಯಾಂಡರ್ಸ್ ಪಕ್ಷೇತರರಾಗಿ ನಿಂತರು. ಎಲ್ಲರೂ ಹೇಳಿದ್ದು ಒಂದೇ, ಈತ ಡೆಮಾಕ್ರಟರ ಮತ ಒಡೆಯುತ್ತಾನೆ ಎಂದು. ಫಲಿತಾಂಶ ಬಂದಾಗ ರಿಪಬ್ಲಿಕನ್ ಪೀಟರ್ ಸ್ಮಿತ್‌ಗೆ ನೂರಕ್ಕೆ 41, ಸ್ಯಾಂಡರ್ಸ್‌ಗೆ 37.5, ಡೆಮಾಕ್ರಟ್ ಪಾಲ್ ಪೊಯ್ರಿಯರ್‌ಗೆ 19. ಮತ ಒಡೆದವರು ಯಾರು ಎಂಬ ಪ್ರಶ್ನೆಯೇ ತಿರುಗಿ ನಿಂತಿತು. ಸೋತರೂ ಆ ದಿನದಿಂದ ವರ್ಮಾಂಟಿನಲ್ಲಿ ಅವರನ್ನು ಮೂರನೆಯವರೆಂದು ಕರೆಯುವ ಧೈರ್ಯ ಯಾರಿಗೂ ಬರಲಿಲ್ಲ.

1989ರ ಏಪ್ರಿಲ್‌ನಲ್ಲಿ ಮೇಯರ್ ಅವಧಿ ಮುಗಿಯಿತು. ಮತ್ತೆ ನಿಲ್ಲಲಿಲ್ಲ. ಅವರ ಆಡಳಿತದಲ್ಲಿ ದುಡಿದಿದ್ದ ಪೀಟರ್ ಕ್ಲಾವೆಲ್ ಅದೇ ಕುರ್ಚಿಗೆ ಆರಿಸಿ ಬಂದರು. ನಾಯಕ ಹೋದ ಮೇಲೂ ಕೆಲಸ ಮುಂದುವರಿಯುವಂತೆ ಕಟ್ಟಿಟ್ಟು ಹೋಗುವುದು ರಾಜಕೀಯದಲ್ಲಿ ಅಪರೂಪ.

1990ರಲ್ಲಿ ಮತ್ತೆ ಸ್ಮಿತ್ ಎದುರು. ಈ ಸಲದ ಗೆಲುವಿಗೆ ಕಾರಣಗಳು ಹಲವು, ಅವೆಲ್ಲ ಹೆಮ್ಮೆಪಡುವಂಥವಲ್ಲ. ಬಂದೂಕು ನಿಯಂತ್ರಣ ಬೇಡವೆಂದು ಗೆದ್ದಿದ್ದ ಸ್ಮಿತ್, ವಾಷಿಂಗ್ಟನ್‌ಗೆ ಹೋದ ಮೇಲೆ ಮನಸ್ಸು ಬದಲಿಸಿ ಯುದ್ಧದ ಮಾದರಿಯ ಬಂದೂಕುಗಳ ನಿಷೇಧವನ್ನು ಬೆಂಬಲಿಸಿದರು. ಬೇಟೆಯ ರಾಜ್ಯವಾದ ವರ್ಮಾಂಟಿನಲ್ಲಿ ಬಂದೂಕು ಸಂಘ ಅವರ ಮೇಲೆ ಮುಗಿಬಿತ್ತು. ಆ ಸಿಟ್ಟಿನ ಲಾಭ ಸ್ಯಾಂಡರ್ಸ್‌ಗೆ ಸಿಕ್ಕಿತು. ಬಂದೂಕು ಕೊಳ್ಳುವವರ ಹಿನ್ನೆಲೆ ವಿಚಾರಿಸುವ ಬ್ರೇಡಿ ಮಸೂದೆಗೆ 1993ರಲ್ಲಿ ಅವರು ವಿರುದ್ಧವಾಗಿ ಮತ ಹಾಕಿದ್ದೂ ದಾಖಲೆಯಲ್ಲಿದೆ. ಅವರನ್ನು ಮೆಚ್ಚುವ ನಾನು ಇದನ್ನು ಬಿಟ್ಟು ಬರೆಯಲಾರೆ. ಈ ವಿಷಯದಲ್ಲಿ ಸ್ಮಿತ್ ತೋರಿದ ಧೈರ್ಯ ದೊಡ್ಡದು, ಅವರು ತೆತ್ತ ಬೆಲೆಯೂ ದೊಡ್ಡದು.

ಉಳಿದ ಕಾರಣಗಳು ಬೇರೆ. ಸ್ಮಿತ್ ಪರ ಪ್ರಚಾರಕ್ಕೆ ಅಧ್ಯಕ್ಷ ಜಾರ್ಜ್ ಬುಷ್ ಸ್ವತಃ ಬಂದರು. ಬುಷ್ ಅವರನ್ನು ಪಕ್ಕದಲ್ಲಿ ಇಟ್ಟುಕೊಂಡೇ ಸ್ಮಿತ್ ಅಧ್ಯಕ್ಷರ ನೀತಿಯನ್ನು ಟೀಕಿಸಿ ಎರಡೂ ಕಡೆ ಸಲ್ಲದವರಾದರು. ಸ್ಯಾಂಡರ್ಸ್ ಅವರನ್ನು ಕ್ಯೂಬಾದ ಕ್ಯಾಸ್ಟ್ರೋ ಜೊತೆ ಸೇರಿಸಿ ಕೊಟ್ಟ ಜಾಹೀರಾತು ತಿರುಗುಬಾಣವಾಯಿತು. ಎಂಟು ವರ್ಷ ಕಣ್ಣೆದುರೇ ಊರು ನಡೆಸಿದ ಮನುಷ್ಯನನ್ನು ಗುಮ್ಮನೆಂದು ತೋರಿಸಿದರೆ ಜನ ನಂಬುವುದು ಕಷ್ಟ. ನೂರಕ್ಕೆ 56 ಮತ ಬಿತ್ತು. ನಲವತ್ತು ವರ್ಷಗಳ ನಂತರ ಪ್ರತಿನಿಧಿ ಸಭೆಗೆ ಪಕ್ಷೇತರರೊಬ್ಬರು ಆರಿಸಿ ಬಂದಿದ್ದರು.

ವಾಷಿಂಗ್ಟನ್‌ನಲ್ಲಿ ಮತ್ತೆ 1981ರದೇ ಸ್ಥಿತಿ. 435 ಜನರಲ್ಲಿ ಒಬ್ಬರೇ. ಡೆಮಾಕ್ರಟರಲ್ಲಿ ಕೆಲವರು ತಮ್ಮ ಗುಂಪಿಗೆ ಸೇರಿಸಿಕೊಳ್ಳಲು ಒಪ್ಪಲಿಲ್ಲ. ಸಮಿತಿಗಳಲ್ಲಿ ಜಾಗ ಕೊಟ್ಟು ಹೊರಗೇ ಕೂರಿಸಿದರು. ಬಂದು ಎರಡು ವಾರವೂ ಆಗುವ ಮೊದಲೇ, 1991ರ ಜನವರಿ 12ರಂದು, ಕೊಲ್ಲಿ ಯುದ್ಧಕ್ಕೆ ಅನುಮತಿ ಕೊಡುವ ನಿರ್ಣಯ ಮತಕ್ಕೆ ಬಂತು. 250 ಪರ, 183 ವಿರುದ್ಧ. ಅವರ ಮತ ವಿರುದ್ಧವಿತ್ತು. ಅದೇ ವರ್ಷ ಸಮಾನ ಮನಸ್ಕರನ್ನು ಸೇರಿಸಿ ಪ್ರಗತಿಪರ ಸದಸ್ಯರ ಕೂಟವೊಂದನ್ನು ಕಟ್ಟಿದರು, ನಗರಸಭೆಯಲ್ಲಿ ಇಬ್ಬರಿಂದ ಐದು ಮಾಡಿದ ಹಾಗೆಯೇ. ಹದಿನಾರು ವರ್ಷ ಆ ಸಭೆಯಲ್ಲಿದ್ದು 2006ರಲ್ಲಿ ಸೆನೆಟ್‌ಗೆ ಗೆದ್ದರು.

2015ರ ಮೇ 26ರಂದು ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವ ಪ್ರಚಾರ ಶುರುಮಾಡಲು ಅವರು ಬರ್ಲಿಂಗ್ಟನ್‌ಗೇ ಬಂದರು. ವೇದಿಕೆ ಹಾಕಿದ್ದು ಸರೋವರದ ದಂಡೆಯ ವಾಟರ್‌ಫ್ರಂಟ್ ಉದ್ಯಾನದಲ್ಲಿ. ಹಿಂದೆ ನೀಲಿ ನೀರು, ಮುಂದೆ ಸಾವಿರಾರು ಜನ, ಸೇರಿದವರಿಗೆ ಊರಿನ ಐಸ್‌ಕ್ರೀಮ್. ಮೂವತ್ತು ವರ್ಷದ ಹಿಂದೆ ಹೋಟೆಲಿಗೆಂದು ಗುರುತು ಹಾಕಿದ್ದ ದಂಡೆಯದು; ಊರಿನವರು ಅವರ ಮಾತನ್ನು ಮೀರಿ ಉಳಿಸಿಕೊಂಡದ್ದು. ಅವರು ಅದೇ ಹುಲ್ಲಿನ ಮೇಲೆ ನಿಂತು ಮಾತು ಶುರುಮಾಡಿದರು.